ಸಡಿಲ ಸೊಂಟಕ್ಕೆ ತೊಡೆಯ ಆಸರೆ

ನಾಯಿಯ ಕಸುವು ತಿಳಿಯಬೇಕಾದರೆ ಅದು ಓಡುವುದನ್ನು ನೋಡಬೇಕು ಎನ್ನುತ್ತಾರೆ. ಇಷ್ಟು ವರ್ಷ ನಾಯಿಗಳ ಜೊತೆ ಬಾಳಿದ ಮೇಲೆ ನಾನು ಮೊದಲು ನೋಡುವುದು ಅದು ಏಳುವ ರೀತಿಯನ್ನು. ಹೆಸರು ಕೂಗಿದೊಡನೆ ಹಿಂಗಾಲು ಒತ್ತಿ ಒಂದೇ ಸಲಕ್ಕೆ ಎದ್ದು ನಿಂತರೆ ಸೊಂಟ ಗಟ್ಟಿಯಿದೆ ಎಂದು ಲೆಕ್ಕ. ಮುಂಗಾಲು ಊರಿ, ಎದೆಯನ್ನು ಮುಂದಕ್ಕೆಳೆದು, ಹಿಂಭಾಗವನ್ನು ಆಮೇಲೆ ಎತ್ತಿಕೊಂಡರೆ ಅಲ್ಲೇನೋ ನೋಯುತ್ತಿರಬೇಕು.

ನಮ್ಮ ಲ್ಯಾಬ್ರಡಾರ್ ಕರಿಯ ಹತ್ತು ತಿಂಗಳಿಗೇ ಹಾಗೆ ಏಳತೊಡಗಿದ್ದ. ಓಡುವಾಗ ಎರಡೂ ಹಿಂಗಾಲು ಜೋಡಿಸಿ ಮೊಲದ ಹಾಗೆ ಕುಪ್ಪಳಿಸುತ್ತಿದ್ದ. ಬೀದಿಯ ಮಕ್ಕಳಿಗೆ ಅದು ಬಲು ಚಂದ. ಎಕ್ಸ್‌ರೇ ನೋಡಿದ ಡಾಕ್ಟರು ಹೇಳಿದ್ದು ಹಿಪ್ ಡಿಸ್‌ಪ್ಲೇಸಿಯಾ.

ತೊಡೆಮೂಳೆಯ ತುದಿಯಲ್ಲಿ ಒಂದು ಗುಂಡು ಇದೆ, ಸೊಂಟದ ಮೂಳೆಯಲ್ಲಿ ಅದಕ್ಕೊಂದು ಬಟ್ಟಲು. ಗುಂಡು ಬಟ್ಟಲಲ್ಲಿ ಬಿಗಿಯಾಗಿ ಕೂತು ಹೊರಳಬೇಕು. ಈ ತೊಂದರೆಯಿರುವ ಮರಿಗೂ ಹುಟ್ಟುವಾಗ ಕೀಲು ನೆಟ್ಟಗೇ ಇರುತ್ತದೆ. ಬೆಳೆಯುತ್ತ ಬೆಳೆಯುತ್ತ ಸಡಿಲವಾಗಿ, ಗುಂಡು ಬಟ್ಟಲಿನ ಅಂಚಿಗೆ ಉಜ್ಜಿ, ಮೃದ್ವಸ್ಥಿ ಸವೆದು, ಕಡೆಗೆ ಸಂಧಿವಾತ ಕೂಡಿಕೊಳ್ಳುತ್ತದೆ. ಅಮೆರಿಕದ ಪಶುವೈದ್ಯ ಗೆರ್ರಿ ಶ್ನೆಲ್ 1935ರಷ್ಟು ಹಿಂದೆಯೇ ನಾಯಿಗಳಲ್ಲಿ ಇದನ್ನು ಗುರುತಿಸಿ ಬರೆದಿದ್ದ. ಹೆತ್ತವರಿಂದ ಇಳಿದು ಬರುವ ದೋಷವಿದು. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ರಾಟ್‌ವೀಲರ್, ಸೇಂಟ್ ಬರ್ನಾರ್ಡ್‌ನಂಥ ದೊಡ್ಡ ತಳಿಗಳಲ್ಲಿ ಹೆಚ್ಚು. ಯಾವ ವ್ಯಾಯಾಮವೂ ಆ ಬಟ್ಟಲನ್ನು ಆಳ ಮಾಡಲಾರದು.

ಹಾಗಾದರೆ ಸಡಿಲವಾದ ಗುಂಡನ್ನು ಹಿಡಿದಿಡುವವರು ಯಾರು? ಪೃಷ್ಠದ ಮತ್ತು ತೊಡೆಯ ಸ್ನಾಯುಗಳು. 1967ರಲ್ಲಿ ಪಶುವೈದ್ಯ ವೇಯ್ನ್ ರೈಸರ್ ಮತ್ತು ಸಂಗಡಿಗ ಶೈರರ್ 95 ನಾಯಿಗಳ ಸೊಂಟದ ಸ್ನಾಯುವನ್ನು ಮೈತೂಕದೊಂದಿಗೆ ಹೋಲಿಸಿ, ಸ್ನಾಯು ಹೆಚ್ಚಿದ್ದಲ್ಲಿ ಈ ತೊಂದರೆ ಕಡಿಮೆ ಎಂದು ತೋರಿಸಿದರು. ಗ್ರೇಹೌಂಡ್‌ನಲ್ಲಿ ಇದು ತೀರಾ ಅಪರೂಪ. ಮುಧೋಳದ ನಾಯಿಯನ್ನು ಕಂಡವರಿಗೆ ಆ ಮೈಕಟ್ಟು ಹೊಸದಲ್ಲ. ಪಕ್ಕೆಲುಬು ಎಣಿಸಬಹುದು, ತೊಡೆ ಮಾತ್ರ ಕಡೆದಿಟ್ಟ ಹಾಗೆ. ಲ್ಯಾಬ್ರಡಾರ್ ಸಾಕುವವರು ಆ ತೊಡೆಯನ್ನು ಒಮ್ಮೆ ಮುಟ್ಟಿ ನೋಡಬೇಕು.

ಈ ಮಾತು ನನಗೆ ತಡವಾಗಿ ಅರ್ಥವಾಯಿತು. ನಾಯಿ ಬಲ್ಲವರೊಬ್ಬರು ‘ಕಟ್ಟಿಹಾಕಿ, ಸುಧಾರಿಸಿಕೊಳ್ಳಲಿ’ ಎಂದರು. ಎರಡು ತಿಂಗಳು ಕಟ್ಟಿದೆ. ಕರಿಯನ ತೊಡೆ ಬತ್ತಿಹೋಯಿತು, ಏಳುವುದು ಇನ್ನೂ ಕಷ್ಟವಾಯಿತು. ಆ ಎರಡು ತಿಂಗಳನ್ನು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ. ಇದಕ್ಕೆ ತದ್ವಿರುದ್ಧವಾದ ತಪ್ಪೂ ಉಂಟು. ವಾರವೆಲ್ಲ ಮನೆಯೊಳಗೆ ಇಟ್ಟು ಭಾನುವಾರ ಮೈದಾನದಲ್ಲಿ ಒಂದು ಗಂಟೆ ಚೆಂಡೆಸೆದು ಓಡಿಸುವುದು. ಹಾರುವುದು, ಗಕ್ಕನೆ ನಿಲ್ಲುವುದು, ತಿರುಗುವುದು, ಇವೆಲ್ಲ ಸಡಿಲ ಕೀಲಿಗೆ ಪೆಟ್ಟು.

ಬೇಕಾದದ್ದು ಅಳತೆಯ ಕೆಲಸ, ಅದೂ ದಿನವೂ. ಮೊದಲು ನೋವು ಹತೋಟಿಗೆ ಬರಬೇಕು. ನೋಯುವ ಕಾಲಿನ ಮೇಲೆ ನಾಯಿ ಭಾರ ಬಿಡುವುದಿಲ್ಲ. ಭಾರ ಬೀಳದ ಕಾಲಲ್ಲಿ ಸ್ನಾಯು ಬೆಳೆಯುವುದಿಲ್ಲ. ಮಾತ್ರೆಯನ್ನು ಪಶುವೈದ್ಯರೇ ಬರೆದುಕೊಡಬೇಕು. ನಮ್ಮ ಔಷಧಿ ಡಬ್ಬಿಯಲ್ಲಿರುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣೆಬ್ಬಿಸಿ, ಮೂತ್ರಪಿಂಡ ಕೆಡಿಸಿ, ಜೀವವನ್ನೇ ತೆಗೆಯಬಲ್ಲವು.

ಗರಡಿಮನೆಯ ಪೈಲ್ವಾನರು ಬಸ್ಕಿ ಹೊಡೆಯುತ್ತಾರಲ್ಲ, ನಾಯಿಯಿಂದಲೂ ಅದನ್ನು ಮಾಡಿಸಬಹುದು. ನನ್ನ ಮಟ್ಟಿಗೆ ಎಲ್ಲ ವ್ಯಾಯಾಮಗಳ ತಾಯಿ ಅದು. ಹತ್ತು ನಿಮಿಷ ಬೆಚ್ಚನೆಯ ಬಟ್ಟೆಯಿಂದ ಸೊಂಟಕ್ಕೆ ಶಾಖ ಕೊಟ್ಟು, ಜಾರದ ಚಾಪೆಯ ಮೇಲೆ, ನೋಯುವ ಮಗ್ಗುಲು ಗೋಡೆಗೆ ತಾಗುವಂತೆ ಕೂರಿಸಿ. ಆಗ ಆ ಕಾಲನ್ನು ಹೊರಕ್ಕೆ ಚಾಚಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಎರಡೂ ಹಿಂಗಾಲು ಮಡಿಸಿ ನೆಟ್ಟಗೆ ಕೂತ ಮೇಲೆ ತಿಂಡಿಯ ಚೂರನ್ನು ಮೂಗಿನ ಮುಂದೆ ಹಿಡಿದು ನಿಧಾನಕ್ಕೆ ಎಬ್ಬಿಸಿ. ಮುಂಗಾಲಿನಿಂದ ಎಳೆದುಕೊಂಡು ಎದ್ದರೆ ಅದು ಲೆಕ್ಕಕ್ಕಿಲ್ಲ. ಬೆಳಿಗ್ಗೆ ಐದು, ಸಂಜೆ ಐದು. ವಾರ ಕಳೆದ ಮೇಲೆ ಒಂದೋ ಎರಡೋ ಹೆಚ್ಚಿಸಿದರೆ ಸಾಕು. ಇದು ಕೈಹತ್ತಿದ ಮೇಲೆ ಅಂಗಳದಲ್ಲಿ ನಾಲ್ಕೈದು ಬಿದಿರು ಗಳಗಳನ್ನು ನೆಲದಿಂದ ನಾಲ್ಕು ಬೆರಳು ಎತ್ತರಕ್ಕಿಟ್ಟು ಒಂದೊಂದಾಗಿ ದಾಟಿಸಬಹುದು. ನಡಿಗೆಗೆ ನಲವತ್ತು ನಿಮಿಷದ ಒಂದು ಸುತ್ತಿಗಿಂತ ಹತ್ತು ನಿಮಿಷದ ನಾಲ್ಕು ಸುತ್ತು ಮೇಲು. ಹಗ್ಗ ಕೈಯಲ್ಲಿರಲಿ, ನಾಲ್ಕೂ ಕಾಲನ್ನು ಊರಲೇಬೇಕಾಗುವಷ್ಟು ನಿಧಾನ ನಡೆಸಿ. ಕೆರೆ ಏರಿಯ ಇಳಿಜಾರನ್ನು ಹತ್ತುವಾಗ ಭಾರ ಹಿಂಗಾಲಿಗೆ ಬೀಳುತ್ತದೆ, ಅದು ಒಳ್ಳೆಯದು. ಮಾರನೆಯ ದಿನ ಕುಂಟು ಹೆಚ್ಚಿದರೆ ಎಲ್ಲವನ್ನೂ ಅರ್ಧಕ್ಕಿಳಿಸಿ.

ನೀರಿನ ಮಾತು ಬೇರೆ. ಸೊಂಟದ ಮಟ್ಟ ನೀರಿನಲ್ಲಿ ನಿಂತ ನಾಯಿಯ ಕಾಲಿನ ಮೇಲೆ ಮೈತೂಕದ ಶೇ 38ರಷ್ಟೇ ಬೀಳುತ್ತದೆ ಎಂದು ಅಳೆದು ನೋಡಿದ್ದಾರೆ. 30 ಕೆ.ಜಿ.ಯ ನಾಯಿಗೆ 11–12 ಕೆ.ಜಿ.ಯ ಭಾರ ಅಷ್ಟೆ. ನೀರು ತುಂಬಿದ ತೊಟ್ಟಿಯಲ್ಲಿ ಟ್ರೆಡ್‌ಮಿಲ್ ಓಡಿಸುವ ಪುನಶ್ಚೇತನ ಕೇಂದ್ರಗಳ ಗುಟ್ಟು ಇದೇ. ಕೀಲಿಗೆ ಭಾರವಿಲ್ಲ, ನೀರನ್ನು ತಳ್ಳಬೇಕಾದ್ದರಿಂದ ಸ್ನಾಯುವಿಗೆ ಕೆಲಸ ತಪ್ಪುವುದಿಲ್ಲ. ಈಜು ಒಳ್ಳೆಯದೇ. ಆದರೆ ಈಜುವಾಗ ಸೊಂಟ ಹಿಂದಕ್ಕೆ ಪೂರ್ತಿ ಚಾಚಿಕೊಳ್ಳುವುದಿಲ್ಲ, ಹಾಗಾಗಿ ಎರಡರಲ್ಲಿ ನಾನು ಆರಿಸುವುದು ನೀರೊಳಗಿನ ನಡಿಗೆಯನ್ನು. ಊರ ಕೊಳೆನೀರು ಸೇರುವ ಕೆರೆಗೆ ಮಾತ್ರ ಇಳಿಸಬೇಡಿ, ಇಲಿಜ್ವರದ ಭಯವಿದೆ.

ತೂಕದ ವಿಷಯದಲ್ಲಿ ನಾನು ನಿಷ್ಠುರಿ. 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಮಾಡಿ, ಜೋಡಿಯಲ್ಲಿ ಒಂದಕ್ಕೆ ಶೇ 25ರಷ್ಟು ಕಡಿಮೆ ಊಟ ಹಾಕಿ ಜೀವನಪೂರ್ತಿ ಗಮನಿಸಿದ ಅಮೆರಿಕದ ನಾಯಿ ಆಹಾರ ಕಂಪನಿ ಪ್ಯುರಿನಾದ ಅಧ್ಯಯನದ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಕಡಿಮೆ ಉಂಡವುಗಳ ಸೊಂಟದಲ್ಲಿ ಸಂಧಿವಾತ ತಡವಾಗಿ, ಹಗುರವಾಗಿ ಬಂತು. ಬದುಕಿದ್ದೂ ಸುಮಾರು ಎರಡು ವರ್ಷ ಹೆಚ್ಚು. ಮೈತೂಕ ಶೇ 6ರಷ್ಟು ಇಳಿದರೂ ಕುಂಟು ತಗ್ಗುತ್ತದೆ ಎಂದು ಇನ್ನೊಂದು ಅಧ್ಯಯನ ತೋರಿಸಿದೆ. ಕರಿಯನಿಗೆ ನಾವು ಉಂಡೆದ್ದ ಮೇಲೆ ಹಾಕುತ್ತಿದ್ದ ಮೊಸರನ್ನವನ್ನು ಮೊದಲು ನಿಲ್ಲಿಸಿದೆವು. ಅತ್ತೆಯವರಿಗೆ ಅದು ಬಹಳ ಬೇಸರವಾಗಿತ್ತು.

ಇನ್ನು ನೆಲ. ಗ್ರಾನೈಟು, ನುಣುಪು ಟೈಲ್ಸು ಹಾಕಿದ ಮನೆಯಲ್ಲಿ ಸಡಿಲ ಸೊಂಟದ ನಾಯಿ ಹೆಜ್ಜೆಹೆಜ್ಜೆಗೂ ಕಾಲು ಅಗಲಿಸಿ ಜಾರುತ್ತದೆ. ಮಲಗುವ ಜಾಗದಿಂದ ಊಟದ ತಟ್ಟೆಯವರೆಗೆ ತೆಂಗಿನ ನಾರಿನ ಹಾಸು ಹಾಕಿಬಿಡಿ. ಮರಿ ಮೂರು ತಿಂಗಳು ದಾಟುವವರೆಗೆ ಮೆಟ್ಟಿಲು ಹತ್ತಿಸಬೇಡಿ. ಮಣ್ಣಿನ ಮೇಲೆ, ಹುಲ್ಲಿನ ಮೇಲೆ ತನ್ನಿಷ್ಟಕ್ಕೆ ಆಡಿಕೊಳ್ಳಲಿ.

ಕರಿಯನಿಗೆ ಈಗ ಒಂಬತ್ತು ವರ್ಷ. ಚಳಿಗಾಲದ ಬೆಳಗಿನಲ್ಲಿ ಏಳುವುದು ತಡ, ಆದರೆ ಏಳುವುದು ಹಿಂಗಾಲಿನ ಬಲದಿಂದಲೇ. ನಿಮ್ಮ ಮನೆಯಲ್ಲೂ ದೊಡ್ಡ ತಳಿಯ ನಾಯಿಯಿದ್ದರೆ ಇವತ್ತು ರಾತ್ರಿ ಅದರ ಹಿಂದೆ ಕೂತು ಎರಡೂ ತೊಡೆಯನ್ನು ಎರಡು ಅಂಗೈಯಲ್ಲಿ ಹಿಡಿದು ನೋಡಿ. ಒಂದು ಸಣ್ಣಗಾಗಿದ್ದರೆ, ಇಲ್ಲವೇ ಎರಡೂ ಬತ್ತಿದ್ದರೆ, ಬೆಳಿಗ್ಗೆಯೇ ಪಶುವೈದ್ಯರ ಬಳಿ ಕರೆದೊಯ್ದು ಎಕ್ಸ್‌ರೇ ತೆಗೆಸಿ.