ಅದು ಯಾರ ದನಿ?

ಕಾಲೇಜು ಬಿಟ್ಟು ಮೂವತ್ತು ವರ್ಷದ ಮೇಲಾಯಿತು. ಹೋದ ವರ್ಷ ಅಲ್ಲಿಂದಲೇ ಒಂದು ಫೋನು ಬಂತು. ಮಾತಾಡಿದವಳು ಪದವಿ ಓದುವ ಹುಡುಗಿ. "ಮೇಡಂ, ನಮ್ಮ ಕಾಲೇಜಿನಲ್ಲಿ ಈಗ ರೇಡಿಯೋ ಇದೆ. ಹಳೆಯ ವಿದ್ಯಾರ್ಥಿಗಳನ್ನು ಒಂದು ತಾಸು ಡಿಜೆ ಆಗಿ ಕರೆಸುತ್ತಿದ್ದೇವೆ. ನಿಮಗಿಷ್ಟವಾದ ಐದಾರು ಹಾಡು ಆರಿಸಿಕೊಂಡು ಬನ್ನಿ, ನಡುನಡುವೆ ನೆನಪು ಹೇಳಿ" ಎಂದಳು. ನಮ್ಮ ಕಡೆ ಡಿಜೆ ಎಂದರೆ ಗಣಪತಿ ಮೆರವಣಿಗೆಯಲ್ಲಿ ಎದೆ ನಡುಗುವಂತೆ ಬಾರಿಸುವ ಪೆಟ್ಟಿಗೆ. ಅಕ್ಕೋರು ಡಿಜೆ ಆಗುವುದೆಂದರೆ! ನಗು ಬಂತು, ಒಳಗೊಳಗೆ ಹಿಗ್ಗೂ ಆಯಿತು. ಹೂಂ ಎಂದೆ.

ಹೋದೆ. ಹಳೆಯ ತರಗತಿಯ ಕೋಣೆಯೊಂದಕ್ಕೆ ಗಾಜಿನ ಗೋಡೆ ಹಾಕಿ ಸ್ಟುಡಿಯೋ ಮಾಡಿದ್ದರು. ಎಸ್. ಜಾನಕಿ, ಪಿ. ಸುಶೀಲ, ಪಿ. ಬಿ. ಶ್ರೀನಿವಾಸ್ ಅವರ ಹಾಡು ಹಾಕಿಸಿದೆ. ಕ್ಯಾಂಟೀನಿನ ಚಹ, ಗ್ರಂಥಾಲಯದ ಕಿಟಕಿ, ಸಿಟ್ಟಿನ ಇಂಗ್ಲಿಷ್ ಮೇಷ್ಟ್ರು, ಎಲ್ಲ ಹೇಳಿದೆ. ಒಂದು ತಾಸು ಮುಗಿದದ್ದೇ ತಿಳಿಯಲಿಲ್ಲ. ಮಕ್ಕಳು ಚಪ್ಪಾಳೆ ತಟ್ಟಿದರು, ಫೋಟೋ ತೆಗೆದರು.

ಇಂಥ ಚಿಕ್ಕ ಕೇಂದ್ರಗಳ ದನಿ ಹತ್ತು ಹದಿನೈದು ಕಿಲೋಮೀಟರು ಮುಟ್ಟಿದರೆ ಹೆಚ್ಚು. ಭಾಲ್ಕಿ ತಾಲ್ಲೂಕಿನ ನಮ್ಮ ಮೆಹಕರಕ್ಕೆ ಅದು ಬರುವುದಿಲ್ಲ. ಅದಕ್ಕೇ ಆ ಹುಡುಗಿ ಧ್ವನಿಮುದ್ರಣವನ್ನು ಮೊಬೈಲಿಗೆ ಕಳಿಸಿದ್ದಳು. ದೀಪಾವಳಿ ರಜೆಗೆ ಊರಿಗೆ ಹೋದಾಗ ಅವ್ವನ ಕಿವಿಯ ಹತ್ತಿರ ಹಿಡಿದೆ. ಅವ್ವ ಸ್ವಲ್ಪ ಹೊತ್ತು ಕೇಳಿ, "ಇದು ಯಾರ ದನಿ ಅದ?" ಎಂದಳು.

"ನಂದೇ ಅವ್ವ."

"ನಿಂದಾ? ಯಾರೋ ಪೇಪರ್ ಓದ್ಲತ್ತಾರ ಅಂತ ತಿಳ್ಕೊಂಡಿದ್ದೆ. ನೀ ಹಿಂಗ ಎಂದ ಮಾತಾಡ್ತಿ?"

ಅವ್ವನಿಗೆ ಅಕ್ಷರ ಬಾರದು. ಆದರೆ ಆ ಕಾರ್ಯಕ್ರಮಕ್ಕೆ ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ಯಾರೂ ಬರೆಯಲಾರರು. ಆ ರಾತ್ರಿ ಇನ್ನೊಮ್ಮೆ ನಾನೊಬ್ಬಳೇ ಕೂತು ಕೇಳಿದೆ, ಮಕ್ಕಳ ನಿಬಂಧ ತಿದ್ದುವ ಹಾಗೆ. ತಪ್ಪುಗಳು ಒಂದೊಂದಾಗಿ ಕಂಡವು.

ಮೊದಲನೆಯದು ಹಾಡು. ಹಾಡುಗಳು ಬಂಗಾರದಂಥವು, ಅದರಲ್ಲಿ ಮಾತಿಲ್ಲ. ಆದರೆ ಅವು ಇವತ್ತು ಯಾರ ಮೊಬೈಲಿನಲ್ಲಿ ಇಲ್ಲ? ಹಾಡಿಗಿಂತ ಹಾಡು ಹಾಕುವವರು ಮುಖ್ಯ ಎಂಬುದನ್ನು ನಮ್ಮ ಪೀಳಿಗೆಗೆ ಕಲಿಸಿದವರು ಅಮೀನ್ ಸಯಾನಿ. 1952ರಲ್ಲಿ ರೇಡಿಯೋ ಸಿಲೋನಿನಲ್ಲಿ ಶುರುವಾದ ಬಿನಾಕಾ ಗೀತಮಾಲೆ ಬೀದರ ಜಿಲ್ಲೆಯ ಮನೆಮನೆಯಲ್ಲೂ ಬುಧವಾರದ ಹಬ್ಬವಾಗಿತ್ತು. 2024ರಲ್ಲಿ ಅವರು ತೀರಿಕೊಂಡಾಗ ನನಗೆ ನೆನಪಾದದ್ದು ಹಾಡುಗಳಲ್ಲ, ಅವರು ಕರೆಯುತ್ತಿದ್ದ ರೀತಿ. ಅಣ್ಣತಮ್ಮಂದಿರಿಗಿಂತ ಮೊದಲು ಅಕ್ಕತಂಗಿಯರನ್ನು ಕರೆಯುತ್ತಿದ್ದರು. ಒಲೆಯ ಮುಂದೆ ಕೂತವಳಿಗೆ ತನ್ನನ್ನೇ ಕರೆದ ಹಾಗಾಗುತ್ತಿತ್ತು. ನಾನು ಆ ಒಂದು ತಾಸಿನಲ್ಲಿ ಯಾರನ್ನು ಕರೆದೆ? "ಆತ್ಮೀಯ ಶ್ರೋತೃಗಳೇ" ಎಂದೆ. ಹಾಗೆಂದು ಕರೆದರೆ ಯಾರೂ ತಿರುಗಿ ನೋಡುವುದಿಲ್ಲ.

ಎರಡನೆಯದು ನುಡಿ. ಬೀದರದ ನುಡಿಯಲ್ಲಿ ಕನ್ನಡದ ಜೊತೆ ಮರಾಠಿ, ಉರ್ದು, ತೆಲುಗು ಕಲೆತಿವೆ. ಮನೆಯಲ್ಲಿ "ಹೋಗ್ಲತ್ತೀನಿ, ಬರ್ಲತ್ತೀನಿ" ಎನ್ನುವ ನಾನು ಮೈಕು ಕಂಡೊಡನೆ "ಹೋಗುತ್ತಿದ್ದೇನೆ" ಆಗಿಬಿಟ್ಟೆ. ಹಾಗೆ ಮಾತಾಡಿ ಎಂದು ಯಾರೂ ಹೇಳಿರಲಿಲ್ಲ. ಇಷ್ಟು ವರ್ಷ ಮಕ್ಕಳ ಬಾಯಿಯನ್ನು ತಿದ್ದಿ ತಿದ್ದಿ ನನ್ನ ಬಾಯಿಯನ್ನೂ ತಿದ್ದಿಕೊಂಡಿದ್ದೆ. ಪರೀಕ್ಷೆಯ ಹಾಳೆಗೆ ಆ ಕನ್ನಡ ಬೇಕು, ಒಪ್ಪುತ್ತೇನೆ. ರೇಡಿಯೋ ಪರೀಕ್ಷೆಯ ಹಾಳೆಯಲ್ಲ. 2006ರ ಸಮುದಾಯ ರೇಡಿಯೋ ನೀತಿಯೇ, ಸಾಧ್ಯವಾದಷ್ಟು ಸ್ಥಳೀಯ ಭಾಷೆ ಮತ್ತು ಆಡುನುಡಿಯಲ್ಲಿ ಕಾರ್ಯಕ್ರಮ ಮಾಡಿ ಎನ್ನುತ್ತದೆ. ಕನಿಷ್ಠ ಅರ್ಧದಷ್ಟಾದರೂ ಸುತ್ತಲಿನ ಜನ ಕೂಡಿ ಮಾಡಿದ್ದಾಗಿರಬೇಕು ಎಂದೂ ಹೇಳುತ್ತದೆ. ಸರಕಾರವೇ ಒಪ್ಪಿದ ನನ್ನ ನುಡಿಯನ್ನು ನಾನೇ ಬಾಗಿಲ ಹೊರಗೆ ಚಪ್ಪಲಿಯ ಜೊತೆ ಬಿಟ್ಟು ಒಳಗೆ ಹೋಗಿದ್ದೆ.

ಮೂರನೆಯದು ನೆನಪು. ಕ್ಯಾಂಟೀನಿನ ನೆನಪು ಕಾಲೇಜಿಗೆ ಬಂದವರ ನೆನಪು. ಮೆಹಕರದಲ್ಲಿ ನನ್ನ ಜೊತೆ ಏಳನೆಯ ತನಕ ಓದಿದ ಹುಡುಗಿಯರಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಉಳಿದವರು ಯಾಕೆ ಹತ್ತಲಿಲ್ಲ, ಅವರು ಈಗ ಹೇಗಿದ್ದಾರೆ ಎಂಬ ಮಾತು ನನ್ನ ತಾಸಿನಲ್ಲಿ ಬರಲೇ ಇಲ್ಲ. ಹಳೆಯ ವಿದ್ಯಾರ್ಥಿ ಎಂಬ ಪಟ್ಟದ ಕುತ್ತೇ ಇದು. ಅದು ದಾಟಿ ಬಂದವರನ್ನು ಮಾತ್ರ ಕೂಡ್ರಿಸಿ ಮಾತಾಡಿಸುತ್ತದೆ.

ಮೇಷ್ಟ್ರುಗಳಿಗೂ ರೇಡಿಯೋಕ್ಕೂ ನಮ್ಮ ನಾಡಿನಲ್ಲಿ ಹಳೆಯ ನಂಟಿದೆ. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಒಂದು ಚಿಕ್ಕ ನಿಲಯ ತೆರೆದರು. 'ಆಕಾಶವಾಣಿ' ಎಂಬ ಹೆಸರು ಆ ಮನೆಯ ನಿಲಯದ್ದು. ಆಮೇಲೆ ಗಾಳಿಯೆಲ್ಲ ಸರಕಾರದ ಪಾಲಾಯಿತು. ದನಿಯ ತರಂಗಗಳು ಸಾರ್ವಜನಿಕರ ಆಸ್ತಿ ಎಂದು ಸುಪ್ರೀಂ ಕೋರ್ಟು 1995ರಲ್ಲಿ ಹೇಳಿತು. ವಿದ್ಯಾಸಂಸ್ಥೆಗಳಿಗೆ ಬಾಗಿಲು ತೆರೆದದ್ದು 2002ರ ಕೊನೆಗೆ, ಸ್ವಯಂಸೇವಾ ಸಂಸ್ಥೆಗಳಿಗೆ 2006ರಲ್ಲಿ. ಇಷ್ಟು ಕಾದು ಸಿಕ್ಕಿದ್ದನ್ನು ದೊಡ್ಡ ಎಫ್.ಎಂ. ಕೇಂದ್ರದ ಸಣ್ಣ ನಕಲು ಮಾಡಿದರೆ ಏನು ಬಂತು?

ನಕಲು ಮಾಡದವರೂ ಇದ್ದಾರೆ. ಮಂಗಳೂರಿನ ಸೇಂಟ್ ಅಲೋಶಿಯಸ್ ಸಂಸ್ಥೆಯ 'ಸಾರಂಗ್' ಕನ್ನಡದ ಜೊತೆ ತುಳು, ಕೊಂಕಣಿ, ಬ್ಯಾರಿಯಲ್ಲೂ ಮಾತಾಡುತ್ತದೆ. ಅಷ್ಟು ದೂರ ಯಾಕೆ, ನಮ್ಮ ಬೀದರದ ಮಗ್ಗುಲಲ್ಲೇ ತೆಲಂಗಾಣದ ಜಹೀರಾಬಾದ್ ಇದೆ. ಅದರ ಹತ್ತಿರದ ಮಾಚನೂರಿನಲ್ಲಿ 2008ರ ಅಕ್ಟೋಬರ್ 15ರಂದು 'ಸಂಘಂ ರೇಡಿಯೋ' ಶುರುವಾಯಿತು. ಅದನ್ನು ಕಟ್ಟಿದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಪಿ. ವಿ. ಸತೀಶ್ ಮೈಸೂರಿನಲ್ಲಿ ಹುಟ್ಟಿದವರು, ದೂರದರ್ಶನದಲ್ಲಿ ಕೆಲಸ ಮಾಡಿದವರು. 2023ರಲ್ಲಿ ತೀರಿಕೊಂಡರು. ಆದರೆ ಅಲ್ಲಿ ಮೈಕಿನ ಮುಂದೆ ಕೂತವರು ಹೊಲಕ್ಕೆ ಹೋಗುವ ದಲಿತ ಹೆಣ್ಣುಮಕ್ಕಳು. ಜೋಳ, ನವಣೆ, ಬೀಜ ಕಾಯ್ದಿಡುವ ಬಗೆ, ಹಬ್ಬದ ಹಾಡು, ಎಲ್ಲ ಅವರ ಮನೆಯ ತೆಲುಗಿನಲ್ಲೇ. ಅವರು ಯಾವ ಕಾಲೇಜಿನ ಹಳೆಯ ವಿದ್ಯಾರ್ಥಿಗಳೂ ಅಲ್ಲ.

ಹಾಗಾದರೆ ಹಳೆಯ ವಿದ್ಯಾರ್ಥಿಗಳನ್ನು ಕರೆಯಲೇಬಾರದೆ? ಕರೆಯಲಿ. ಬರುವಾಗ ಹಾಡಿನ ಪಟ್ಟಿ ತರಬೇಡಿ, ಕಾಲೇಜು ಕಾಣದ ಒಬ್ಬರನ್ನು ಕರೆದುಕೊಂಡು ಬನ್ನಿ ಎಂದು ಹೇಳಲಿ. ಅತಿಥಿ ಸುಮ್ಮನಿದ್ದು ಅವರನ್ನು ಮಾತಾಡಿಸಲಿ. ತಾಸು ತುಂಬದಿದ್ದರೆ ಆಗ ಒಂದು ಸಿನಿಮಾ ಹಾಡು ಹಾಕೋಣ.

ನನ್ನ ಅವ್ವನಿಗೆ ಬೀಸುಕಲ್ಲಿನ ಪದ ನೂರಾರು ಬರುತ್ತಿದ್ದವು. ಒಂದು ಕನ್ನಡದಲ್ಲಿ, ಅದರ ಬೆನ್ನಿಗೆ ಒಂದು ಮರಾಠಿ ಓವಿ. ಗಿರಣಿ ಬಂದು ಕಲ್ಲು ಮೂಲೆ ಸೇರಿತು. ಅವ್ವನಿಗೆ ಈಗ ಎಂಬತ್ತರ ಮೇಲೆ. ನಾಕು ಸಾಲಿಗೆ ಉಸಿರು ಕಟ್ಟುತ್ತದೆ, ಮಧ್ಯದ ಸಾಲು ಮರೆತು ಹೋಗುತ್ತದೆ.

ಆ ಹುಡುಗಿಗೆ ನಾನೇ ಫೋನು ಮಾಡಿದೆ. ಮೆಷಿನ್ನು ತೆಗೆದುಕೊಂಡು ಮೆಹಕರಕ್ಕೆ ಬಾರವ್ವಾ, ಊಟ ನಮ್ಮಲ್ಲೇ ಎಂದೆ. "ಸರ್‌ನ ಕೇಳಿ ಹೇಳ್ತೀನಿ ಮೇಡಂ" ಎಂದಳು. ಇನ್ನೂ ಹೇಳಿಲ್ಲ. ಅವಳ ದಾರಿ ನೋಡುತ್ತ ಕೂಡುವಷ್ಟು ಹೊತ್ತು ನಮ್ಮ ಹತ್ತಿರ ಇಲ್ಲ. ಮುಂದಿನ ರಜೆಯಲ್ಲಿ ನನ್ನ ಮೊಬೈಲಿನಲ್ಲೇ ಹಿಡಿಯಬೇಕು ಎಂದುಕೊಂಡಿದ್ದೇನೆ. ಅವ್ವನಿಗೆ ಹೇಳಿದರೆ, "ನನ್ನ ಪದ ಯಾರ ಕೇಳ್ತಾರ?" ಎನ್ನುತ್ತಾಳೆ. ಹಾಗೆನ್ನುತ್ತಲೇ ಗಂಟಲು ಸರಿಮಾಡಿಕೊಳ್ಳುತ್ತಾಳೆ.