ಯಶವಂತನಗರ ಮತ್ತು ಘೋರ್ಪಡೆ: ಹೆಸರುಗಳ ಸಾಕ್ಷ್ಯವನ್ನು ಕುರಿತು ಒಂದು ವಿಮರ್ಶೆ

ಊರಿನ ಹೆಸರೂ ಮನೆತನದ ಹೆಸರೂ ಇತಿಹಾಸಕ್ಕೆ ಆಧಾರಗಳಾಗಬಲ್ಲವೆಂಬುದನ್ನು ಈಗ ಯಾರೂ ಅಲ್ಲಗಳೆಯುವುದಿಲ್ಲ. ಶಂ. ಬಾ. ಜೋಶಿಯವರು ಸ್ಥಳನಾಮಗಳ ನೆರವಿನಿಂದ ಕನ್ನಡದ ಪ್ರಾಚೀನ ನೆಲೆಯನ್ನು ಅರಸಿದಂದಿನಿಂದ ನಮ್ಮಲ್ಲಿ ಈ ಅಧ್ಯಯನಕ್ಕೆ ಒಂದು ಗೌರವದ ಸ್ಥಾನ ದೊರೆತಿದೆ. ಆದರೆ ಜೋಶಿಯವರ ವಾದಕ್ಕೆ ಬಲ ಬಂದುದು ಹೆಸರುಗಳ ಸಮೂಹದಿಂದ. ಒಂಟಿಯಾದ ಒಂದು ಹೆಸರಿನಿಂದಲ್ಲ. ಇತ್ತೀಚೆಗೆ ಕಾಲೇಜುಗಳ ವಿದ್ಯಾರ್ಥಿಗಳು ಬರೆಯುವ ಗ್ರಾಮಚರಿತ್ರೆ, ವಂಶಚರಿತ್ರೆಗಳಲ್ಲಿ ಈ ವಿವೇಕವು ಸಡಿಲವಾಗುತ್ತಿರುವುದನ್ನು ನಾವು ಕಾಣುತ್ತೇವೆ. ಎರಡು ಹೆಸರುಗಳು ಕಿವಿಗೆ ಒಂದೇ ಬಗೆಯಾಗಿ ಕೇಳಿಸಿದೊಡನೆ ಅವುಗಳ ನಡುವೆ ರಕ್ತಸಂಬಂಧವನ್ನು ಕಲ್ಪಿಸುವುದು, ಊರ ಹೆಸರಿಗೊಂದು ಕಥೆ ದೊರೆತೊಡನೆ ಅದನ್ನೇ ಊರ ಇತಿಹಾಸವೆಂದು ಬರೆದಿಡುವುದು ರೂಢಿಯಾಗಿದೆ. ಹೆಸರು ನಿಜವಾಗಿ ಯಾವುದಕ್ಕೆ ಸಾಕ್ಷಿ, ಯಾವುದಕ್ಕೆ ಅಲ್ಲ ಎಂಬುದನ್ನು ಸಂಡೂರು ತಾಲ್ಲೂಕಿನ ಯಶವಂತನಗರವನ್ನೂ ಆ ಸೀಮೆಯನ್ನಾಳಿದ ಘೋರ್ಪಡೆ ಮನೆತನದ ಹೆಸರನ್ನೂ ಮುಂದಿಟ್ಟುಕೊಂಡು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಇಂಗ್ಲೆಂಡಿನ ಒಂದು ಉದಾಹರಣೆಯನ್ನು ನೋಡೋಣ. ಅಲ್ಲಿನ ಡರ್ಹಮ್ ಸೀಮೆಯಲ್ಲಿ ಹಿಂದೆ ವಾಷಿಂಗ್ಟನ್ ಎಂಬುದೊಂದು ಹಳ್ಳಿಯಿತ್ತು. ಹನ್ನೆರಡನೆಯ ಶತಮಾನದ ಕೊನೆಯ ಭಾಗದಲ್ಲಿ ಹರ್ಟ್‌ಬರ್ನ್ ಎಂಬ ಊರಿನ ವಿಲಿಯಮ್ ಎಂಬಾತ ತನ್ನ ಹಳೆಯ ಹಿಡುವಳಿಗೆ ಬದಲಾಗಿ ಈ ಹಳ್ಳಿಯನ್ನು ಪಡೆದ. ಅಲ್ಲಿಂದ ಮುಂದೆ ಹರ್ಟ್‌ಬರ್ನ್ ಎಂಬ ಹೆಸರನ್ನು ಬಿಟ್ಟು ಹೊಸ ಊರಿನ ಹೆಸರನ್ನು ಇಟ್ಟುಕೊಂಡ. ಅವನ ಸಂತತಿಯ ಒಂದು ಶಾಖೆ ಹದಿನೇಳನೆಯ ಶತಮಾನದಲ್ಲಿ ವರ್ಜೀನಿಯಕ್ಕೆ ವಲಸೆ ಹೋಯಿತು. ಆ ಶಾಖೆಯಲ್ಲಿ ಹುಟ್ಟಿದ ಜಾರ್ಜ್ ವಾಷಿಂಗ್ಟನ್ನನ ಗೌರವಾರ್ಥವಾಗಿ 1791ರಲ್ಲಿ ಅಮೆರಿಕದ ಹೊಸ ರಾಜಧಾನಿಗೆ ಆ ಹೆಸರನ್ನಿಡಲಾಯಿತು. ಊರಿನಿಂದ ಮನೆತನಕ್ಕೆ, ಮನೆತನದಿಂದ ಮತ್ತೆ ಊರಿಗೆ ಹೆಸರು ಹೀಗೆ ಸಾಗಿತು. ಇದರಲ್ಲಿ ಗಮನಿಸಬೇಕಾದ ಅಂಶವೊಂದಿದೆ. ವಿಲಿಯಮನು ಭೂಮಿಯನ್ನು ಬದಲಾಯಿಸಿದಾಗ ಹೆಸರನ್ನೂ ಬದಲಾಯಿಸಿದ. ಅಂದರೆ ಆ ಹೆಸರು ಮೊದಲು ಹೇಳಿದ್ದು ಅವನ ವಂಶವನ್ನಲ್ಲ, ಅವನ ಹಿಡುವಳಿಯನ್ನು.

ಇಂಥ ಸಂಚಾರದ ನಿದರ್ಶನವನ್ನು ನೋಡಲು ಬಳ್ಳಾರಿಯವರು ದೂರ ಹೋಗಬೇಕಾಗಿಲ್ಲ. ಬಳ್ಳಾರಿಯ ಬ್ರೂಸ್‌ಪೇಟೆಯ ಹೆಸರಿನಲ್ಲಿ ಕಂಪನಿ ಆಡಳಿತದ ಕಾಲದ ಒಬ್ಬ ಅಧಿಕಾರಿಯ ಕುಲನಾಮ ಉಳಿದಿದೆ. ಬ್ರೂಸ್ ಎಂಬುದು ಫ್ರಾನ್ಸಿನ ನಾರ್ಮಂಡಿಯಲ್ಲಿರುವ ಬ್ರಿಕ್ಸ್ ಎಂಬ ಊರಿನಿಂದ ಬಂದ ಹೆಸರೆಂದು ವಿದ್ವಾಂಸರು ಹೇಳುತ್ತಾರೆ. ನಾರ್ಮನ್ನರೊಂದಿಗೆ ಅದು ಇಂಗ್ಲೆಂಡಿಗೆ ಬಂದಿತು. ಅಲ್ಲಿಂದ ಸ್ಕಾಟ್ಲೆಂಡಿಗೆ ಹೋಗಿ 1306ರಲ್ಲಿ ರಾಜನಾಮವಾಯಿತು. ಕೊನೆಗೆ ಬಳ್ಳಾರಿಯಲ್ಲಿ ಕನ್ನಡದ 'ಪೇಟೆ'ಯೊಂದಿಗೆ ಸೇರಿಕೊಂಡಿತು. ಬ್ರೂಸ್‌ಪೇಟೆಯ ನಿವಾಸಿಗಳಿಗೂ ಸ್ಕಾಟ್ಲೆಂಡಿನ ಅರಸರಿಗೂ ನಂಟಿದೆಯೆಂದು ಯಾರಾದರೂ ಹೇಳಿದರೆ ನಾವು ನಗುತ್ತೇವೆ. ಆದರೆ ನಮ್ಮದೇ ಹೆಸರುಗಳ ವಿಷಯದಲ್ಲಿ ಅಂಥದೇ ತರ್ಕವನ್ನು ಎಷ್ಟೋ ಬಾರಿ ಗಂಭೀರವಾಗಿ ಸ್ವೀಕರಿಸುತ್ತೇವೆ.

ಘೋರ್ಪಡೆ ಎಂಬ ಹೆಸರನ್ನೇ ತೆಗೆದುಕೊಳ್ಳಬಹುದು. ಮರಾಠಿಯಲ್ಲಿ ಘೋರ್ಪಡ ಎಂದರೆ ಉಡ. ಈ ಮನೆತನದ ಪೂರ್ವಿಕನೊಬ್ಬ ಉಡದ ಸೊಂಟಕ್ಕೆ ಹಗ್ಗ ಕಟ್ಟಿ, ಅದನ್ನು ಕೋಟೆಯ ಗೋಡೆಗೆ ಹತ್ತಿಸಿ, ಹಗ್ಗ ಹಿಡಿದು ತಾನೂ ಏರಿ ದುರ್ಗವನ್ನು ಗೆದ್ದನೆಂದೂ, ಭೋಸಲೆಯೆಂಬ ಹಿಂದಿನ ಹೆಸರು ಹೋಗಿ ಘೋರ್ಪಡೆಯೆಂಬ ಹೆಸರು ಬಂದಿತೆಂದೂ ಕಥೆಯಿದೆ. ಮುಧೋಳದ ಮನೆತನದ ವೃತ್ತಾಂತವು ಈ ಘಟನೆಯನ್ನು ಬಹಮನಿ ಮಂತ್ರಿ ಮಹಮೂದ್ ಗವಾನನ ಕಾಲದ ಖೇಳಣಾ ದುರ್ಗದ ಮುತ್ತಿಗೆಗೆ, ಅಂದರೆ 1470ರ ಆಸುಪಾಸಿಗೆ ಹೊಂದಿಸುತ್ತದೆ. ಇದಕ್ಕೆ ಸುಲ್ತಾನರ ಫರ್ಮಾನುಗಳನ್ನು ಆಧಾರವಾಗಿ ಒಡ್ಡುತ್ತದೆ. ಆ ಫರ್ಮಾನುಗಳ ಪ್ರಾಮಾಣ್ಯದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಇನ್ನು ಕೆಲವರು ಇದೇ ಸಾಹಸವನ್ನು ಬೇರೆ ಕೋಟೆಗಳಿಗೆ ಅಂಟಿಸುತ್ತಾರೆ. ಒಂದೇ ಕಥೆಯು ಹಲವು ಕೋಟೆಗಳ ಗೋಡೆಯೇರುವಾಗ ಅದು ಒಂದು ಘಟನೆಯ ನೆನಪೆನ್ನುವುದಕ್ಕಿಂತ ಹೆಸರಿನ ಅರ್ಥದಿಂದ ಹುಟ್ಟಿದ ವಿವರಣೆಯೆನ್ನುವುದೇ ಹೆಚ್ಚು ಯುಕ್ತವೆಂದು ನಮಗೆ ತೋರುತ್ತದೆ.

ಈ ಕಥೆಗೆ ಇನ್ನೊಂದು ರೂಪವಿದೆ. ಅದು ನಮ್ಮ ವಿಷಯಕ್ಕೆ ವಿಶೇಷವಾಗಿ ಸಂಬಂಧಿಸಿದ್ದು. 1670ರಲ್ಲಿ ತಾನಾಜಿ ಮಾಲುಸರೆ ಸಿಂಹಗಡವನ್ನು ಹಿಡಿದಾಗ ಗೋಡೆಯೇರಿದ ಉಡದ ಹೆಸರು 'ಯಶವಂತಿ' ಎಂದು ಜನಪದದ ಹೇಳಿಕೆ. ಘೋರ್ಪಡೆಯವರು ಆಳಿದ ಸೀಮೆ, ಅಲ್ಲೊಂದು ಯಶವಂತನಗರ, ಯಶವಂತಿಯೆಂಬ ಉಡ ಇವು ಮೂರೂ ಒಟ್ಟುಗೂಡಿದರೆ ಅವಸರದ ಲೇಖಕನಿಗೆ ಒಂದು ಸೊಗಸಾದ ವ್ಯುತ್ಪತ್ತಿ ಸಿದ್ಧವಾಗಿಬಿಡುತ್ತದೆ. ಅದನ್ನು ಕಾಲಗಣನೆಯೊಂದೇ ಮುರಿಯಬಲ್ಲದು. ಮುಧೋಳದ ಬಾಜಿ ಘೋರ್ಪಡೆ 1648ರಲ್ಲಿ ಜಿಂಜಿಯ ಬಳಿ ಶಹಾಜಿಯನ್ನು ಸೆರೆಹಿಡಿದವರಲ್ಲಿ ಒಬ್ಬ. 1664ರಲ್ಲಿ ಶಿವಾಜಿಯ ದಂಡಿನಿಂದ ಹತನಾದ. ಎಂದರೆ ಸಿಂಹಗಡದ ಪ್ರಸಂಗಕ್ಕೆ ಮೊದಲೇ ಈ ಕುಲನಾಮ ಪ್ರಸಿದ್ಧವಾಗಿತ್ತು. ಯಶವಂತ ಎಂಬುದಾದರೋ ಮರಾಠರಲ್ಲಿ ಸರ್ವೇಸಾಮಾನ್ಯವಾದ ಅಂಕಿತನಾಮ. ಇಲ್ಲಿ ನಾದಸಾಮ್ಯವಿದೆಯೇ ಹೊರತು ಸಂಬಂಧವಿಲ್ಲ.

ಕುಲನಾಮದ ಮೂಲಕ್ಕಿಂತ ಅದರ ಹರಡುವಿಕೆಯು ಹೆಚ್ಚು ಗಟ್ಟಿಯಾದ ನೆಲದ ಮೇಲೆ ನಿಂತಿದೆ. ಛತ್ರಪತಿ ರಾಜಾರಾಮನ ಕಾಲದಲ್ಲಿ ಸೇನಾಪತಿಯಾಗಿದ್ದ ಸಂತಾಜಿ ಘೋರ್ಪಡೆ (ಮರಣ 1697) 'ಮಮಲಕತ್‌ಮದಾರ' ಎಂಬ ಬಿರುದನ್ನೂ, ಅವನ ಸಹೋದರ ಬಹಿರ್ಜಿ 'ಹಿಂದುರಾವ್' ಎಂಬ ಬಿರುದನ್ನೂ ಪಡೆದರು. ಮುಂದೆ ಕಾಪಶಿ, ಗಜೇಂದ್ರಗಡ, ಗುತ್ತಿ, ಸಂಡೂರುಗಳಲ್ಲಿ ಈ ಹೆಸರಿನವರು ನೆಲೆಸಿದರು. ಮುಧೋಳದ ಶಾಖೆಯು ಮೊದಲಿನಿಂದಲೂ ಬೇರೆಯಾಗಿಯೇ ಇತ್ತು. ಭೂಪಟದ ಮೇಲೆ ಈ ಸ್ಥಳಗಳನ್ನು ಗುರುತಿಸಿದರೆ ಕೃಷ್ಣೆಯಿಂದ ಪೆನ್ನೆಯವರೆಗೆ ಮರಾಠರ ದಂಡು ನಡೆದ ಹಾದಿಯೇ ಕಾಣುತ್ತದೆ. ಕುಲನಾಮದ ಹರಡುವಿಕೆಯು ಇಲ್ಲಿ ಜನಾಂಗವೊಂದರ ವಲಸೆಯನ್ನಲ್ಲ, ದಂಡಿನ ಚಲನೆಯನ್ನೂ ಜಹಗೀರಿನ ಹಂಚಿಕೆಯನ್ನೂ ತೋರಿಸುತ್ತದೆ. 'ಹಿಂದುರಾವ್' ಎಂಬ ಬಿರುದು ಕ್ರಮೇಣ ಹೆಸರಿನದೇ ಭಾಗವಾಗಿ ಸಂಡೂರಿನ ಅರಸರವರೆಗೆ ಬಂದುದು ಇದಕ್ಕೆ ಪೋಷಕವಾದ ಅಂಶ. ಸೇವೆಗೆ ಸಂದ ಮರ್ಯಾದೆಯು ಕಾಲಾಂತರದಲ್ಲಿ ಹುಟ್ಟಿನ ಗುರುತಾಯಿತು.

ಸಂಡೂರು ಕಣಿವೆಯು ಹದಿನೆಂಟನೆಯ ಶತಮಾನದ ಆದಿಯಲ್ಲಿ ಬೇಡ ಪಾಳೆಯಗಾರರ ಕೈಯಿಂದ ಸಿದ್ಧೋಜಿ ಘೋರ್ಪಡೆಯ ವಶಕ್ಕೆ ಬಂದಿತು. ಅವನ ಮಗನಾದ ಗುತ್ತಿಯ ಮುರಾರಿರಾವ್ ಈ ಕುಲದಲ್ಲಿ ಅತ್ಯಂತ ಪ್ರಸಿದ್ಧನಾದವನು. 1776ರಲ್ಲಿ ಹೈದರಾಲಿಯು ಗುತ್ತಿಯನ್ನು ಗೆದ್ದು ಅವನನ್ನು ಸೆರೆಹಿಡಿದ. ಮುರಾರಿರಾವ್ ಕಬ್ಬಾಳದುರ್ಗದ ಸೆರೆಯಲ್ಲಿ ಮೃತನಾದ. ಸಂಡೂರು ಕೂಡ ಮೈಸೂರಿನವರ ಕೈಸೇರಿತು. ಅಲ್ಲಿನ ಕೃಷ್ಣಾನಗರದ ಕೋಟೆ ಹೈದರನ ಕಾಲದಲ್ಲಿ ಆರಂಭವಾಗಿ ಟಿಪ್ಪುವಿನ ಕಾಲದಲ್ಲಿ ಮುಗಿಯಿತು. ಮೈಸೂರಿನ ಪ್ರಾಬಲ್ಯ ಕುಗ್ಗಿದ ಮೇಲೆ ಘೋರ್ಪಡೆಯವರು ಮರಳಿ ಬಂದರು. ಈ ಸಂದರ್ಭದಲ್ಲಿ ಪೇಶ್ವೆಯು ಸಂಡೂರನ್ನು ಸಿಂಧಿಯ ಸೈನ್ಯದಲ್ಲಿ ಹೆಸರಾಗಿದ್ದ ಯಶವಂತರಾವ್ ಘೋರ್ಪಡೆ ಎಂಬ ಬೇರೊಬ್ಬ ಸರದಾರನಿಗೆ ದತ್ತಿಯಾಗಿ ಬರೆದುಕೊಟ್ಟ. ಆದರೆ ಕಣಿವೆಯಲ್ಲಿದ್ದ ಶಿವರಾವ್ ಅದನ್ನು ಬಿಟ್ಟುಕೊಡಲಿಲ್ಲ. ಕುಮಾರಸ್ವಾಮಿಯ ಯಾತ್ರೆಯ ನೆಪದಲ್ಲಿ ಪೇಶ್ವೆ ಎರಡನೆಯ ಬಾಜಿರಾವನೇ ದಂಡಿನೊಡನೆ ಬಂದಾಗಲೂ ಕಣಿವೆಯ ದಾರಿಗಳನ್ನು ಕಟ್ಟಿ ಕೆಲವೇ ಪರಿವಾರದೊಂದಿಗೆ ಅವನನ್ನು ಒಳಬಿಟ್ಟ. 1817ರಲ್ಲಿ ಪೇಶ್ವೆಯ ಪರವಾಗಿ ಥಾಮಸ್ ಮನ್ರೋ ಸಂಡೂರನ್ನು ವಶಪಡಿಸಿಕೊಂಡ. ಪೇಶ್ವೆಯ ಪತನವಾದೊಡನೆ 1818ರಲ್ಲಿ ಅದು ಮತ್ತೆ ಶಿವರಾವನಿಗೆ ದೊರೆಯಿತು.

ಈಗ ಯಶವಂತನಗರದ ಪ್ರಶ್ನೆಗೆ ಬರಬಹುದು. ಸಂಡೂರಿನ ಚರಿತ್ರೆಯಲ್ಲಿ ಇಬ್ಬರು ಯಶವಂತರಾವ್ ಘೋರ್ಪಡೆಯವರು ಕಾಣಿಸುತ್ತಾರೆ: ಒಬ್ಬ ಪೇಶ್ವೆಯ ಕಾಲದ ದತ್ತಿದಾರ, ಇನ್ನೊಬ್ಬರು 1928ರಿಂದ ಸಂಸ್ಥಾನದ ವಿಲೀನದವರೆಗೆ ಆಳಿದ ಯಶವಂತರಾವ್ ಹಿಂದುರಾವ್ ಘೋರ್ಪಡೆಯವರು. ಕುಲನಾಮವೊಂದೇ, ಅಂಕಿತನಾಮವೊಂದೇ, ಸೀಮೆಯೂ ಒಂದೇ. ಇಷ್ಟರಿಂದಲೇ ನಿರ್ಣಯಿಸ ಹೊರಟವನು ಊರಿಗೆ ಸುಲಭವಾಗಿ ನೂರು ವರ್ಷಗಳ ಹೆಚ್ಚಿನ ಪ್ರಾಚೀನತೆಯನ್ನು ದಯಪಾಲಿಸಬಹುದು. 'ನಗರ' ಎಂಬ ಉತ್ತರಪದದಿಂದಲೂ ಕಾಲನಿರ್ಣಯ ಸಾಧ್ಯವಿಲ್ಲ. ಟಿಪ್ಪುವಿನ ಕಾಲಕ್ಕಾಗಲೇ ಅಲ್ಲಿ ಕೃಷ್ಣಾನಗರವಿತ್ತು, ಪಕ್ಕದ ಹಂಪೆಯಂತೂ ವಿಜಯನಗರವೇ ಆಗಿತ್ತು. ಇಲ್ಲಿ ಕೇಳಬೇಕಾದುದು ಬೇರೊಂದು ಪ್ರಶ್ನೆ: ಊರಿಗೆ ಹೆಸರಿಡುವ ಅಧಿಕಾರ ಇಬ್ಬರಲ್ಲಿ ಯಾರಿಗಿತ್ತು? ಮೊದಲನೆಯವನ ಹಕ್ಕು ಕಾಗದದ ಮೇಲೆಯೇ ಉಳಿಯಿತು. ಅವನು ಕಣಿವೆಯನ್ನು ಆಳಲಿಲ್ಲ. ಆಳದವನ ಹೆಸರಿನಲ್ಲಿ, ಅದೂ ಅವನ ಪ್ರತಿಸ್ಪರ್ಧಿಯ ಸೀಮೆಯಲ್ಲಿ, ಊರು ಹುಟ್ಟುವುದು ಸಂಭವವಲ್ಲ. ಆದುದರಿಂದ ಯಶವಂತನಗರದ ಹೆಸರನ್ನು ಇಪ್ಪತ್ತನೆಯ ಶತಮಾನದ ಅರಸರಿಗೆ ಸಂಬಂಧಿಸುವುದೇ ಯುಕ್ತ. ಸಂಡೂರು ಸಂಸ್ಥಾನವು 1949ರಲ್ಲಿ ಮದ್ರಾಸ್ ಪ್ರಾಂತದಲ್ಲಿ ಸೇರಿತು. 1953ರಲ್ಲಿ ಬಳ್ಳಾರಿಯೊಡನೆ ಮೈಸೂರು ರಾಜ್ಯಕ್ಕೆ ಬಂದಿತು. ಸಂಸ್ಥಾನ ಹೋದರೂ ಹೆಸರು ಉಳಿಯಿತು. ಹೊಸಪೇಟೆಯಿಂದ ಸ್ವಾಮಿಹಳ್ಳಿಗೆ ಹೋಗುವ ರೈಲುಮಾರ್ಗದ ನಿಲ್ದಾಣದ ಫಲಕವು ಆ ಹೆಸರನ್ನು ಇನ್ನಷ್ಟು ಸ್ಥಿರಗೊಳಿಸಿತು.

ಇಂಗ್ಲೆಂಡಿನ ಪದ್ಧತಿಗೂ ನಮ್ಮದಕ್ಕೂ ಇರುವ ಅಂತರ ಇಲ್ಲಿ ಸ್ಪಷ್ಟವಾಗುತ್ತದೆ. ವಾಷಿಂಗ್ಟನ್, ಬ್ರೂಸ್‌ಗಳಲ್ಲಿ ಊರಿಗೆ ಅಂಟಿದುದು ಕುಲನಾಮ. ಯಶವಂತನಗರದಲ್ಲಿ ಅಂಟಿದುದು ಅಂಕಿತನಾಮ. ಘೋರ್ಪಡೆಯೆಂಬ ಕುಲನಾಮವು ಅದರಲ್ಲಿ ಕಾಣಿಸುವುದೇ ಇಲ್ಲ. ಇನ್ನು ಕನ್ನಡ-ತೆಲುಗು ಸೀಮೆಯಲ್ಲಿ ಊರು ವ್ಯಕ್ತಿಯ ಹೆಸರಿನ ಮುಂದೆ ನಿಲ್ಲುತ್ತದೆ. ಪ್ರಸಿದ್ಧ ನಟರಾದ ಬಳ್ಳಾರಿ ರಾಘವರ ಪೂರ್ಣನಾಮ ತಾಡಿಪತ್ರಿ ರಾಘವಾಚಾರ್ಯರು. ಮನೆತನವನ್ನು ಗುರುತಿಸುವುದಕ್ಕೆ ಒಂದು ಊರು, ಕೀರ್ತಿಯನ್ನು ಗುರುತಿಸುವುದಕ್ಕೆ ಇನ್ನೊಂದು. 'ಬಳ್ಳಾರಿ' ಎಂಬುದನ್ನು ಇಂಗ್ಲಿಷರ ಕುಲನಾಮದಂತೆ ಭಾವಿಸಿ ಅವರ ವಂಶವನ್ನು ಹುಡುಕಹೊರಟರೆ ದಾರಿ ತಪ್ಪುವುದು ಖಂಡಿತ.

ಒಂದು ಹೆಸರು ಇಬ್ಬರದಾಗುವುದಕ್ಕೂ, ವಂಶವನ್ನು ದಾಟಿ ಹರಡುವುದಕ್ಕೂ ಸಂಡೂರಿಗೆ ದಂಡೆತ್ತಿ ಬಂದ ಮನ್ರೋನ ಕುಲನಾಮವೇ ಉದಾಹರಣೆ. 1800ರಿಂದ 1807ರವರೆಗೆ ದತ್ತಮಂಡಲದ ಕಲೆಕ್ಟರನಾಗಿದ್ದ ಥಾಮಸ್ ಮನ್ರೋನ ನೆನಪಿಗೆ ಇಲ್ಲಿನ ರೈತರು ಮಕ್ಕಳಿಗೆ 'ಮನ್ರೋಲಪ್ಪ' ಎಂದು ಹೆಸರಿಟ್ಟರು. ಒಬ್ಬ ಸ್ಕಾಟ್ ಅಧಿಕಾರಿಯ ಕುಲನಾಮವು ಹೀಗೆ 'ಅಪ್ಪ'ನೊಡನೆ ಸೇರಿ ರೈತರ ಮಕ್ಕಳ ಅಂಕಿತನಾಮವಾಯಿತು. ಕೇರಳದ ಕೊಲ್ಲಂ ಬಳಿಯ ಮನ್ರೋ ದ್ವೀಪವಾದರೋ ತಿರುವಾಂಕೂರಿನ ರೆಸಿಡೆಂಟನಾಗಿದ್ದ ಜಾನ್ ಮನ್ರೋ ಎಂಬ ಬೇರೊಬ್ಬನ ಹೆಸರಿನದು. ಕುಲನಾಮ ಒಂದೇ ಎಂಬ ಕಾರಣಕ್ಕೆ ಇವರಿಬ್ಬರನ್ನು ಒಬ್ಬನನ್ನಾಗಿ ಮಾಡಿದರೆ ಎರಡು ಸೀಮೆಗಳ ಚರಿತ್ರೆಯೂ ಕೆಡುತ್ತದೆ.

ಈ ವಿವೇಚನೆಯಿಂದ ನಮಗೆ ತೋರುವ ನಿರ್ಣಯವಿಷ್ಟು. ಹೆಸರು ವಂಶಕ್ಕೆ ಸಾಕ್ಷಿಯಲ್ಲ; ಹೆಸರಿಟ್ಟವನ ಅಧಿಕಾರಕ್ಕೂ ಅದನ್ನು ಬಳಸಿದವರ ಒಪ್ಪಿಗೆಗೂ ಸಾಕ್ಷಿ. ಒಪ್ಪಿಗೆ ದೊರೆಯದಿದ್ದರೆ ಚಕ್ರವರ್ತಿಯಿಟ್ಟ ಹೆಸರೂ ನಿಲ್ಲುವುದಿಲ್ಲ. ಕೃಷ್ಣದೇವರಾಯನು ನಾಗಲಾದೇವಿಯ ಹೆಸರಿನಲ್ಲಿ ಕಟ್ಟಿಸಿದ ನಾಗಲಾಪುರವನ್ನು ಜನ ಹೊಸಪೇಟೆಯೆಂದರು, ಉಳಿದುದು ಅದೇ. ಇಂಗ್ಲಿಷರ ಬಾಯಲ್ಲಿ ಅದು 'ಹಾಸ್ಪೆಟ್' ಆಗಿತ್ತು. 2014ರ ನವೆಂಬರ್ 1ರಂದು ಸರ್ಕಾರದ ಕಾಗದಪತ್ರಗಳಲ್ಲಿಯೂ ಹೊಸಪೇಟೆಯಾಯಿತು. ವಿಜಯನಗರವೆಂಬ ಹೆಸರಾದರೋ 2021ರಲ್ಲಿ ಜಿಲ್ಲೆಯ ಹೆಸರಾಗಿ ಮರಳಿತು. ಸಂಡೂರು ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿಯಿತು.

ಇದು ಕೇವಲ ಪಂಡಿತರ ಚರ್ಚೆಯಲ್ಲ. ಅರಸರ ಹೆಸರನ್ನು ಹೊತ್ತ ಊರಿನ ಚರಿತ್ರೆಯನ್ನು ಅರಸರ ಮನೆತನದಿಂದಲೇ ಆರಂಭಿಸಿದರೆ ಅವರಿಗಿಂತ ಮೊದಲು ಆ ಕಣಿವೆಯನ್ನು ಆಳಿದ ಬೇಡ ನಾಯಕರು, ಅಲ್ಲಿ ಉತ್ತವರು, ಅದಿರು ಕರಗಿಸಿದವರು ಬರೆಹದಿಂದ ಹೊರಗುಳಿಯುತ್ತಾರೆ. ಹೊಲಗಳಿಗೆ, ಹಳ್ಳಗಳಿಗೆ, ಗುಡ್ಡಗಳಿಗೆ ಅವರಿಟ್ಟ ಹೆಸರುಗಳು ಇಂದಿಗೂ ಹಿರಿಯರ ನಾಲಗೆಯ ಮೇಲಿವೆ. ಈ ಬೆಟ್ಟಗಳಲ್ಲಿ ಅದಿರನ್ನು ತೆಗೆಯುವ ಕೆಲಸ ನಡೆದಿರುವಾಗ ಗುಡ್ಡವೇ ಕರಗಿದರೆ ಅದರ ಹೆಸರನ್ನು ನೆನಪಿಡುವ ಕಾರಣವೂ ಕರಗುತ್ತದೆ. ಆದಕಾರಣ ಸಂಡೂರು, ಹೊಸಪೇಟೆ, ಕಂಪ್ಲಿಗಳ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ಊರಿನ ಹೆಸರಿಗೆ ಅರ್ಥ ಹೇಳುವ ಮೊದಲು ಹಳೆಯ ಖರೀದಿಪತ್ರ, ಇನಾಮು ದಾಖಲೆ, ಕೈಫಿಯತ್ತುಗಳಲ್ಲಿ ಆ ಹೆಸರು ಮೊದಲು ಎಂದು ಕಾಣಿಸುತ್ತದೆ, ಯಾರು ಬರೆದರು, ಅದೇ ಊರನ್ನು ಸುತ್ತಲಿನ ಹಳ್ಳಿಯವರು ಏನೆಂದು ಕರೆಯುತ್ತಿದ್ದರು ಎಂಬ ಮೂರು ವಿಷಯಗಳನ್ನು ಗುರುತುಮಾಡಿಕೊಳ್ಳಬೇಕೆಂದು ನಾವು ಸೂಚಿಸುತ್ತೇವೆ. ಯಶವಂತನಗರದ ಸುತ್ತಲಿನ ಹೊಲ-ಹಳ್ಳಗಳ ಹೆಸರುಗಳ ಪಟ್ಟಿಯಿಂದಲೇ ಈ ಕಾರ್ಯವನ್ನು ಆರಂಭಿಸಬಹುದು.