ಉದ್ರಿ ತಂದ ಮಂಚ

ಅದ್ಭುತ ಕಥೆಗಳಲ್ಲಿ ಹಾರುವ ಕಂಬಳಿಗೆ ಸಿಕ್ಕ ಹೆಸರು ಮಂಚಕ್ಕೆ ಸಿಕ್ಕಿಲ್ಲ. ದೇಶ ತಿರುಗುವುದರಲ್ಲಿ ಮಾತ್ರ ಮಂಚ ಹಿಂದೆ ಬಿದ್ದದ್ದಲ್ಲ. ಭಾಗವತದ ಹತ್ತನೆಯ ಸ್ಕಂಧದಲ್ಲಿ ಬಾಣಾಸುರನ ಮಗಳು ಉಷೆ ಕನಸಿನಲ್ಲಿ ಕಂಡವನಿಗಾಗಿ ಹಂಬಲಿಸುತ್ತಾಳೆ. ಗೆಳತಿ ಚಿತ್ರಲೇಖೆ ಒಬ್ಬೊಬ್ಬರ ಚಿತ್ರ ಬರೆದು ತೋರಿಸುತ್ತಾಳೆ. ಅವನು ಕೃಷ್ಣನ ಮೊಮ್ಮಗ ಅನಿರುದ್ಧನೆಂದು ಗೊತ್ತಾದದ್ದೇ ಆಕಾಶಮಾರ್ಗದಲ್ಲಿ ದ್ವಾರಕೆಗೆ ಹೋಗಿ, ಮಂಚದ ಮೇಲೆ ಮಲಗಿದ್ದವನನ್ನು ಶೋಣಿತಪುರಕ್ಕೆ ಎತ್ತಿಕೊಂಡು ಬರುತ್ತಾಳೆ. ಅರೇಬಿಯನ್ ನೈಟ್ಸ್‌ನ ಖಮರ್ ಅಲ್ ಝಮಾನನ ಕಥೆಯಲ್ಲಿ, ಯಾರು ಹೆಚ್ಚು ಚೆಲುವರು ಎಂಬ ಜಗಳ ಬಗೆಹರಿಸಿಕೊಳ್ಳಲು ಜಿನ್ನರು ರಾಜಕುಮಾರಿ ಬುದೂರಳನ್ನು ನಿದ್ದೆಯಲ್ಲೇ ತಂದು ರಾಜಕುಮಾರನ ಮಗ್ಗುಲಿಗೆ ಮಲಗಿಸುತ್ತಾರೆ. ಅಲ್ಲಾದ್ದೀನನ ದೀಪದ ಜಿನ್ ಮದುಮಕ್ಕಳನ್ನು ಮಂಚ ಸಮೇತ ಎತ್ತುತ್ತಾನೆ. ಡೆನ್ಮಾರ್ಕಿನ ಆಂಡರ್ಸನ್ 1835ರಲ್ಲಿ ಪ್ರಕಟಿಸಿದ ಕಥೆಯಲ್ಲಿ ಈ ಚಾಕರಿ ದೊಡ್ಡ ಕಣ್ಣಿನ ನಾಯಿಯ ಪಾಲಿಗೆ ಬಂದಿದೆ; ಅಲ್ಲಿ ನಾಯಿಯ ಬೆನ್ನೇ ಹಾಸಿಗೆ.

ಈ ಮಂಚ ವಿಜಯಪುರಕ್ಕೂ ಬಂದಿತ್ತು. ಎರಡನೆಯ ಅಲಿ ಆದಿಲ್‌ಶಾಹನ (ಆಳ್ವಿಕೆ 1656–1672) ಆಸ್ಥಾನಕವಿ ನುಸ್ರತಿ 1657–58ರಲ್ಲಿ ದಖ್ಖನಿ ಭಾಷೆಯಲ್ಲಿ ‘ಗುಲ್ಶನ್-ಎ-ಇಶ್ಕ್’ ಬರೆದ. ಊರ ನಡುವೆ ಕಮಾನುಗಳಷ್ಟೇ ನಿಂತಿರುವ ಬಾರಾ ಕಮಾನ್ ಈ ಅಲಿಯ ಅರ್ಧಕ್ಕೆ ನಿಂತ ಗೋರಿ. ಅವನ ಕವಿಯ ಕಾವ್ಯ ಮಾತ್ರ ಪೂರ್ತಿಯಾಯಿತು. ಅದರಲ್ಲಿ ಪರಿಗಳು ನಿದ್ದೆಯಲ್ಲಿದ್ದ ಮನೋಹರನನ್ನು ಮಧುಮಾಲತಿಯ ಅರಮನೆಗೆ ಸಾಗಿಸುತ್ತಾರೆ. ಇಬ್ಬರೂ ಎಚ್ಚತ್ತು, ಮೆಚ್ಚಿ, ಉಂಗುರ ಬದಲಾಯಿಸಿಕೊಳ್ಳುತ್ತಾರೆ. ಬೆಳಗಾದರೆ ಅವನು ತನ್ನ ಊರಿನಲ್ಲಿ, ಬೆರಳಲ್ಲಿ ಬೇರೆಯವರ ಉಂಗುರ. ಮುಂದಿನದು ಹುಡುಕಾಟ: ಸಮುದ್ರದಲ್ಲಿ ಹಡಗು ಮುಳುಗುತ್ತದೆ, ರಾಕ್ಷಸನ ಸೆರೆಯಿಂದ ಇನ್ನೊಬ್ಬ ರಾಜಕುಮಾರಿ ಬಿಡುಗಡೆಯಾಗುತ್ತಾಳೆ, ಸಿಟ್ಟಿಗೆದ್ದ ತಾಯಿ ಮಗಳು ಮಧುಮಾಲತಿಯನ್ನು ಹಕ್ಕಿಯಾಗಿಸುತ್ತಾಳೆ.

ಕಥೆ ನುಸ್ರತಿಯದಲ್ಲ. ನೂರು ವರ್ಷಕ್ಕೂ ಮೊದಲು, 1545ರಲ್ಲಿ, ಉತ್ತರದ ಸೂಫಿ ಕವಿ ಮಂಝನ್ ಅವಧೀ ಭಾಷೆಯಲ್ಲಿ ‘ಮಧುಮಾಲತಿ’ ಬರೆದಿದ್ದ. ಅವನು ಶತ್ತಾರಿ ಪಂಥದವನು, ಗ್ವಾಲಿಯರಿನ ಮಹಮ್ಮದ್ ಗೌಸರ ಶಿಷ್ಯ. ಅದೇ ಪಂಥದ ಶಾಹ್ ಸಿಬ್ಗತುಲ್ಲಾ ಗುಜರಾತಿನ ದಾರಿಯಿಂದ ವಿಜಯಪುರಕ್ಕೆ ಬಂದವರು. ಕಥೆ ಬಂದ ದಾರಿಗಳಲ್ಲಿ ಇದೂ ಒಂದಿರಬಹುದು. ನುಸ್ರತಿಗಿಂತ ಎರಡು ಮೂರು ವರ್ಷ ಮೊದಲು ಮೊಗಲರ ಅಧಿಕಾರಿ ಆಕಿಲ್ ಖಾನ್ ರಾಜಿ ಇದನ್ನೇ ಪಾರಸಿಗೆ ತಂದು, ನಾಯಕ ನಾಯಕಿಯರ ಹೆಸರು ಬದಲಿಸಿ ‘ಮಿಹ್ರ್-ಒ-ಮಾಹ್’, ಅಂದರೆ ಸೂರ್ಯ ಚಂದ್ರ, ಎಂದು ಕರೆದ.

ಹಾಗಾದರೆ ಉಷೆಯ ಕಥೆ, ಬುದೂರಳ ಕಥೆ, ಮಂಝನನ ಕಥೆ ಮೂರರಲ್ಲಿ ನುಸ್ರತಿ ಮಂಝನನಿಗೇ ಸಾಲಗಾರ ಎಂದು ಹೇಳುವುದು ಯಾವ ಆಧಾರದ ಮೇಲೆ? ಜಾನಪದ ಪಂಡಿತರು ‘ಆಶಯ’ ಎಂದು ಕರೆಯುವ ಬಿಡಿ ತುಣುಕು, ಉದಾಹರಣೆಗೆ ರಾತ್ರಿ ಸಾಗಿದ ಮಂಚ, ಏನನ್ನೂ ಸಾಬೀತುಪಡಿಸುವುದಿಲ್ಲ. ದೂರದ ಇಬ್ಬರು ಪ್ರೇಮಿಗಳನ್ನು ಅವರಿಗೇ ತಿಳಿಯದಂತೆ ಒಂದು ಕಡೆ ಸೇರಿಸಬೇಕೆಂದರೆ ಯಾವ ಕಥೆಗಾರನಿಗೂ ನಾಲ್ಕೈದು ದಾರಿಗಳೇ ಇರುವುದು. ತುಣುಕುಗಳ ಸಾಲು ಮಾತ್ರ ಬೇರೆ ವಿಷಯ. ಮಂಚ, ಉಂಗುರ, ಹಡಗು, ರಾಕ್ಷಸ, ಹಕ್ಕಿ ಅದೇ ಕ್ರಮದಲ್ಲಿ ಬಂದರೆ ಆಕಸ್ಮಿಕ ಎನ್ನುವ ಮಾತು ನಿಲ್ಲುವುದಿಲ್ಲ. ಹೆಸರುಗಳೂ ಕೂಡಿಬಂದರೆ ಉದ್ರಿ ಖಾತೆ ತೆರೆದೇ ಇದೆ. ರಾಜಿ ಹೆಸರು ಬದಲಿಸಿದರೂ ಸಾಲು ಗುಟ್ಟು ಬಿಟ್ಟುಕೊಟ್ಟಿತು.

ತಿಕೋಟಾ ಸೀಮೆಯ ದ್ರಾಕ್ಷಿ ಬೆಳೆಗಾರರಿಗೆ ಈ ಲೆಕ್ಕ ಹೊಸದಲ್ಲ. ಅಲ್ಲಿ ಮೊದಲು ನೆಡುವುದು ಅಮೆರಿಕ ಮೂಲದ ಡಾಗ್‌ರಿಡ್ಜ್ ಬೇರುಗಿಡ. ಬರ, ಸವಳು ತಾಳುವುದು ಅದರ ಗುಣ. ಅದು ಚಿಗುರಿ ಗಟ್ಟಿಯಾದ ಮೇಲೆ ಥಾಮ್ಸನ್ನೋ ಸೋನಾಕಾವೋ ಕಡ್ಡಿ ತಂದು ಕಸಿ ಕಟ್ಟುತ್ತಾರೆ. ವರ್ಷಗಳಾದರೂ ಬುಡದ ಹತ್ತಿರ ಆ ಗಂಟು ಕಾಣುತ್ತದೆ. ಹಣ್ಣು ಮೇಲಿನ ಕಡ್ಡಿಯದು. ನುಸ್ರತಿಯ ಕಾವ್ಯದಲ್ಲೂ ಗಂಟು ಹುಡುಕಿದರೆ ಸಿಗುತ್ತದೆ. ಮಂಝನನಿಗೆ ಪ್ರೇಮವೆಂದರೆ ದೇವರ ಕಡೆಗಿನ ಸಾಧನೆ, ಕಥೆಯ ಹೆಜ್ಜೆಹೆಜ್ಜೆಗೂ ಅದರ ಗುಟ್ಟು. ನುಸ್ರತಿ ಆ ಬೇರಿನ ಮೇಲೆ ತೋಟ ಬೆಳೆಸಿದ: ‘ಗುಲ್ಶನ್’ ಎಂದರೇ ತೋಟ. ಹೂವು, ಹಣ್ಣು, ಸುವಾಸನೆಗಳಿಗೆ ಅವನು ಕೊಟ್ಟ ಜಾಗ ನೋಡಿದರೆ ಕಥೆ ಅವನಿಗೆ ಚಪ್ಪರ ಮಾತ್ರ ಎನಿಸುತ್ತದೆ. ದಖ್ಖನಿ ಓದುಗರಿಗೆ ಈ ಕಾವ್ಯದಲ್ಲಿ ರುಚಿಸುವುದೂ ಅದೇ.

ಆದಿಲ್‌ಶಾಹಿ ಆಸ್ಥಾನದಲ್ಲಿ ಇದಕ್ಕಿಂತ ಸೊಗಸಾದ ಉದ್ರಿ ಮಲಿಕ್ ಖುಷ್ನೂದ್‌ನದು. ಗೋಲಗುಮ್ಮಟ ಕಟ್ಟಿಸಿದ ಮಹಮ್ಮದ್ ಆದಿಲ್‌ಶಾಹನ ಕಾಲದ ಈ ಕವಿ ಅಮೀರ್ ಖುಸ್ರೋನ ‘ಹಶ್ತ್ ಬಿಹಿಶ್ತ್’ ಅನ್ನು ‘ಜನ್ನತ್ ಸಿಂಗಾರ್’ ಎಂದು ದಖ್ಖನಿಗೆ ತಂದ. ಖುಸ್ರೋ ಅದನ್ನು ಬರೆದದ್ದು 1301–02ರ ಸುಮಾರಿಗೆ, ನಿಜಾಮಿಯ ‘ಹಫ್ತ್ ಪೈಕರ್’ (1197) ಎದುರಿಗಿಟ್ಟುಕೊಂಡು. ಅರಸ ಬಹ್ರಾಮ್ ಗೂರ್, ಬಣ್ಣಬಣ್ಣದ ಮಹಲುಗಳು, ದಿನಕ್ಕೊಬ್ಬ ಸುಂದರಿ ಹೇಳುವ ಕಥೆ: ಈ ಚೌಕಟ್ಟು ನಿಜಾಮಿಯದು. ಒಳಗೆ ಕೂರಿಸಿದ ಕಥೆಗಳು ಬೇರೆ.

ಅವುಗಳಲ್ಲಿ ಒಂದು ಸೆರೆಂದಿಪ ದ್ವೀಪದ ಮೂವರು ರಾಜಕುಮಾರರದು. ಒಂಟೆ ಕಳೆದುಕೊಂಡವನೊಬ್ಬ ದಾರಿಯಲ್ಲಿ ಸಿಕ್ಕು ವಿಚಾರಿಸುತ್ತಾನೆ. ಅದಕ್ಕೆ ಒಂದು ಕಣ್ಣಿಲ್ಲ ಅಲ್ಲವೆ, ಹಲ್ಲೊಂದು ಬಿದ್ದಿದೆ ಅಲ್ಲವೆ, ಕುಂಟುತ್ತದೆ ಅಲ್ಲವೆ ಎಂದು ಮೂವರೂ ಕೇಳುತ್ತಾರೆ. ಒಂದು ಮಗ್ಗುಲಿಗೆ ಎಣ್ಣೆ, ಇನ್ನೊಂದು ಮಗ್ಗುಲಿಗೆ ಜೇನು ಹೇರಿತ್ತು ಎಂದೂ ಸೇರಿಸುತ್ತಾರೆ. ಇಷ್ಟೆಲ್ಲ ಗೊತ್ತಿದ್ದವರು ಕಳ್ಳರಲ್ಲದೆ ಇನ್ನಾರು? ನ್ಯಾಯ ರಾಜನ ಮುಂದೆ ಹೋಗುತ್ತದೆ. ಅವರು ಒಂಟೆಯನ್ನು ಕಂಡೇ ಇರಲಿಲ್ಲ: ದಾರಿಯ ಒಂದೇ ಬದಿಯ ಸೊಪ್ಪು ಮೇಯ್ದಿತ್ತು, ಉದುರಿದ ತುತ್ತುಗಳಲ್ಲಿ ಹಲ್ಲಿನ ಸಂದು ಕಾಣುತ್ತಿತ್ತು, ಒಂದು ಕಾಲು ಎಳೆದ ಗುರುತಿತ್ತು, ಒಂದು ಬದಿಗೆ ಇರುವೆ, ಇನ್ನೊಂದು ಬದಿಗೆ ನೊಣ ಮುತ್ತಿದ್ದವು. ಇದೇ ಮೂವರ ಕಥೆ 1557ರಲ್ಲಿ ವೆನಿಸ್‌ನಲ್ಲಿ ಇಟಾಲಿಯನ್ ಪುಸ್ತಕವಾಯಿತು. ವಾಲ್ಟೇರ್ ತನ್ನ ‘ಜಾಡಿಗ್’ನಲ್ಲಿ ಒಂಟೆ ತೆಗೆದು ರಾಣಿಯ ನಾಯಿ, ರಾಜನ ಕುದುರೆ ಇಟ್ಟ. ಹೊರೇಸ್ ವಾಲ್‌ಪೋಲ್ 1754ರ ಒಂದು ಪತ್ರದಲ್ಲಿ ಆ ದ್ವೀಪದ ಹೆಸರಿನಿಂದ ‘ಸೆರೆಂಡಿಪಿಟಿ’ ಎಂಬ ಪದವನ್ನೇ ಹುಟ್ಟಿಸಿದ. ಒಂಟೆಯ ಸುಳಿವುಗಳಂಥ ವಿಚಿತ್ರ, ಇಲ್ಲದಿದ್ದರೂ ಕಥೆ ನಡೆಯುವ ವಿವರವೇ ಉದ್ರಿಯ ಗಟ್ಟಿ ಸಾಕ್ಷಿ. ಒಂಟೆ ಕಳೆಯುವುದು ಯಾರಿಗೂ ಹೊಳೆಯಬಹುದು. ಇರುವೆ, ನೊಣ ಇಬ್ಬರಿಗೆ ಬೇರೆಬೇರೆಯಾಗಿ ಹೊಳೆಯುವುದು ಕಷ್ಟ.

ಆದರೆ ಎಲ್ಲ ಹೋಲಿಕೆಯೂ ಹೀಗೆ ಕೈಗೆ ಸಿಗುವುದಿಲ್ಲ. ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಕಾಲದ ‘ಪೇಮ್ ನೇಮ್’ ಎಂಬ ಪ್ರೇಮಕಾವ್ಯದ ಸಚಿತ್ರ ಹಸ್ತಪ್ರತಿ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದರಲ್ಲಿ ನಲ್ಲೆಯನ್ನು ಎದೆಯಲ್ಲಿಟ್ಟುಕೊಂಡ ನಾಯಕನ ಎದೆಯ ಮೇಲೆ ಚಿತ್ರಕಾರ ನಿಜಕ್ಕೂ ಅವಳ ರೂಪ ಬರೆದಿದ್ದಾನೆ. ಎದೆ ಬಗೆದು ಸೀತಾರಾಮರನ್ನು ತೋರಿಸುವ ಹನುಮಂತನ ಪಟ ಗೋಡೆಯ ಮೇಲೆ ನೋಡಿ ಬೆಳೆದವರಿಗೆ ತಕ್ಷಣ ಅದೇ ನೆನಪಾಗುತ್ತದೆ. ನೆನಪಾಗುವುದು ಸಾಕ್ಷಿಯಲ್ಲ. ಎದೆಯೊಳಗಿನ ಮೂರ್ತಿ ಎಂಬ ಮಾತು ಇರುವ ಯಾವ ಭಾಷೆಯಲ್ಲೂ ಚಿತ್ರಕಾರ ಆ ಮಾತನ್ನು ಅಕ್ಷರಶಃ ಬರೆದುಬಿಡಬಹುದು.

ಕನ್ನಡದ ಹಳೆಯ ಕವಿಗಳು ಸಾಲವನ್ನು ಮುಚ್ಚಿಡಲಿಲ್ಲ. ಕಲ್ಯಾಣ ಚಾಲುಕ್ಯರ ಅಧಿಕಾರಿ ದುರ್ಗಸಿಂಹ ಹನ್ನೊಂದನೆಯ ಶತಮಾನದ ತನ್ನ ‘ಪಂಚತಂತ್ರ’ದಲ್ಲಿ ತಾನು ಅನುಸರಿಸಿದ್ದು ವಸುಭಾಗನ ಪಾಠವನ್ನು ಎಂದು ಹೆಸರು ಹಿಡಿದು ಹೇಳಿದ. ನೇಮಿಚಂದ್ರನ ‘ಲೀಲಾವತಿ ಪ್ರಬಂಧ’ದಲ್ಲಿ ನಾಯಕ ನಾಯಕಿಯರು ಕನಸಿನಲ್ಲೇ ಒಬ್ಬರನ್ನೊಬ್ಬರು ಕಂಡು ಮರುಳಾಗುತ್ತಾರೆ, ಅದರ ಹಿಂದೆ ಸುಬಂಧುವಿನ ಸಂಸ್ಕೃತ ‘ವಾಸವದತ್ತೆ’ ಇದೆ. ಬಾಯಿಮಾತಿನ ಕಥೆಗಳಿಗೆ ಇಂಥ ಮೊದಲ ಪುಟ ಇರುವುದಿಲ್ಲ. ಎ.ಕೆ. ರಾಮಾನುಜನ್ 1955ರಲ್ಲಿ ಕಿತ್ತೂರಿನಲ್ಲಿ ಸಂಗ್ರಹಿಸಿದ ‘ಹಂಚಿ’ಯ ಕಥೆಯಲ್ಲಿ ಬಂಗಾರದ ಕೂದಲಿನ ಹುಡುಗಿ ಮುಖಕ್ಕೆ ಮಣ್ಣಿನ ಮುಖವಾಡ ಹಾಕಿಕೊಂಡು ಪರರ ಮನೆಯ ಅಡುಗೆಗೆ ನಿಲ್ಲುತ್ತಾಳೆ. ಸಿಂಡ್ರೆಲಾಳ ಅಕ್ಕತಂಗಿಯರ ಸಾಲಿನಲ್ಲಿ ಇವಳನ್ನೂ ವಿದ್ವಾಂಸರು ಕೂರಿಸಿದ್ದಾರೆ. ಯಾರು ಯಾರಿಂದ ತಂದರು ಎಂಬ ಪ್ರಶ್ನೆಗೆ ಇಲ್ಲಿ ಬೆಲೆಯೇ ಇಲ್ಲ.

ಉದ್ರಿ ಆಸ್ಥಾನದಿಂದ ಹಳ್ಳಿಗೆ ಮಾತ್ರ ಹರಿದದ್ದೂ ಅಲ್ಲ. ವಿಜಯಪುರದ ಸೂಫಿಗಳ ಹೆಸರಿನ ‘ಚಕ್ಕಿನಾಮಾ’ಗಳು ಹೆಂಗಸರ ಬೀಸುವ ಪದದ ಲಯಕ್ಕೆ ಕಟ್ಟಿದವು, ಬೀಸುಕಲ್ಲಿನ ಗೂಟವನ್ನು ಅಲ್ಲಾನ ಹೆಸರಿನ ಮೊದಲಕ್ಷರ ಅಲಿಫ್‌ಗೆ ಹೋಲಿಸುವಷ್ಟು ಒಳಗೆ ಹೋಗಿವೆ. ರಿಚರ್ಡ್ ಈಟನ್ 1978ರ ತಮ್ಮ ಪುಸ್ತಕದಲ್ಲಿ ಇವನ್ನು ವಿವರವಾಗಿ ಪರಿಶೀಲಿಸಿದರು. ಬಬಲೇಶ್ವರ ತಾಲೂಕಿನ ಕಾಖಂಡಕಿಯ ಮಹಿಪತಿದಾಸರು ಆದಿಲ್‌ಶಾಹಿ ನೌಕರಿ ಬಿಟ್ಟು ಬಂದವರೆಂದು ದಾಸಪರಂಪರೆ ಹೇಳುತ್ತದೆ. ಕನ್ನಡದ ಕೀರ್ತನೆಗಳ ಜೊತೆಗೆ ಅವರ ಹೆಸರಿನಲ್ಲಿ ಮರಾಠಿ, ಹಿಂದೂಸ್ತಾನಿ ಪದಗಳೂ ಇವೆ.

ಈಗಿನ ಅದ್ಭುತ ಕಾದಂಬರಿಗಳ ಜಗಳಗಳನ್ನೂ ಇದೇ ತಕ್ಕಡಿಯಲ್ಲಿ ತೂಗಬಹುದು. ಹ್ಯಾರಿ ಪಾಟರ್ (1997) ಬರುವ ಮೊದಲೇ ನೀಲ್ ಗೈಮನ್ ಅವರ ಕಾಮಿಕ್ಸ್‌ನಲ್ಲಿ ಕನ್ನಡಕದ, ಗೂಬೆ ಸಾಕಿದ ಮಾಂತ್ರಿಕ ಹುಡುಗನಿದ್ದ. ಮಾಂತ್ರಿಕರ ಶಾಲೆಯನ್ನು ಉರ್ಸುಲಾ ಲೆ ಗ್ವಿನ್ 1968ರಲ್ಲೇ ಕಟ್ಟಿದ್ದರು. ಗೈಮನ್ ಸ್ವತಃ ಕೃತಿಚೌರ್ಯದ ಮಾತನ್ನು ತಳ್ಳಿಹಾಕಿದರು. ಕನ್ನಡಕ, ಗೂಬೆ, ಶಾಲೆ ಬಿಡಿ ತುಣುಕುಗಳೇ, ಸಾಲು ಕೂಡುವುದಿಲ್ಲ. ಭಾರತದಲ್ಲಿ ಸುಪ್ರೀಂ ಕೋರ್ಟ್ 1978ರಲ್ಲಿ, ಆರ್.ಜಿ. ಆನಂದ್ ಅವರ ‘ಹಮ್ ಹಿಂದೂಸ್ತಾನಿ’ ನಾಟಕ ಮತ್ತು ‘ನ್ಯೂ ಡೆಲ್ಲಿ’ ಚಿತ್ರದ ವ್ಯಾಜ್ಯದಲ್ಲಿ, ವಿಚಾರ, ವಸ್ತು, ಕಥಾಹಂದರಗಳಿಗೆ ಕೃತಿಸ್ವಾಮ್ಯವಿಲ್ಲ, ಅವನ್ನು ಹೇಳಿದ ರೂಪಕ್ಕಷ್ಟೇ ಇದೆ ಎಂದಿತು. ನಾಟಕ ನೋಡಿ ಚಿತ್ರ ನೋಡಿದವನಿಗೆ ಇದು ಅದರ ನಕಲೇ ಎಂದು ಖಚಿತವಾಗಿ ಅನಿಸಬೇಕು. ಹಾಗೆ ಅನಿಸದೆಂದು ನಾಟಕಕಾರರ ಮೇಲ್ಮನವಿ ವಜಾ ಆಯಿತು.

ನುಸ್ರತಿಯ ಮೇಲೆ ಯಾರೂ ದಾವೆ ಹೂಡಲಿಲ್ಲ. 1686ರಲ್ಲಿ ಔರಂಗಜೇಬನಿಗೆ ವಿಜಯಪುರ ಸೋತ ಮೇಲೂ ದಖ್ಖನಿನಲ್ಲಿ ‘ಗುಲ್ಶನ್-ಎ-ಇಶ್ಕ್’ ಅನ್ನು ಬರೆಸುತ್ತಲೇ ಇದ್ದರು. 1743ರಲ್ಲಿ ಚಿತ್ರಗಳೊಂದಿಗೆ ತಯಾರಾದ ಒಂದು ಪ್ರತಿ ಅಮೆರಿಕದ ಫಿಲಡೆಲ್ಫಿಯಾ ಕಲಾ ವಸ್ತುಸಂಗ್ರಹಾಲಯದಲ್ಲಿದೆ.